ಮುಳ್ಳು ಲೋಳೆಸರದ ಚಾಕರಿ

ತೋಟಗಾರಿಕೆ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಈಗಲೂ ನನ್ನನ್ನು ಹುಡುಕಿಕೊಂಡು ಮುಂಬಯಿ ಹತ್ತಿರದ ಡೊಂಬಿವಲಿಗೆ ಬರುತ್ತಾರೆ. ಮೊದಲು ಕೇಳುವುದು ಗೊಬ್ಬರದ ಬಗ್ಗೆ. ನಾನು ಹೇಳುವುದು ಸಾಹೇಬರ ಬಗ್ಗೆ. ಕಾರ್ಖಾನೆಯ ತೋಟದಲ್ಲಿ ಗಿಡ ಬೆಳೆಸುವುದು ಅರ್ಧ ಕೆಲಸ. ಗಿಡಕ್ಕೂ ಅದರ ಮೇಲೆ ಅಧಿಕಾರ ಇರುವವರಿಗೂ ನಡುವೆ ನಿಂತುಕೊಳ್ಳುವುದು ಉಳಿದರ್ಧ. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ, ಆದ್ದರಿಂದ ಬರೆದಿಡುತ್ತಿದ್ದೇನೆ.

ನಾನು ಗದಗಿನ ಕಡೆಯವಳು, ಸುಮಂಗಲಾ ಹಿರೇಮಠ. ಧಾರವಾಡದಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಇಲ್ಲಿನ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ತೋಟದ ಸೂಪರ್‌ವೈಸರ್ ಆದೆ. ರಾಸಾಯನಿಕ ಕಾರ್ಖಾನೆಯ ಸುತ್ತ ಮರಗಳ ಪಟ್ಟಿ ಇರಲೇಬೇಕಲ್ಲ, ಅದಕ್ಕಾಗಿ ನಮ್ಮಂಥವರು ಬೇಕಾಗುತ್ತಿತ್ತು. ಗಾಳಿ ಕೆಟ್ಟ ದಿನ ಬಾದಾಮಿ ಮರದ ಎಲೆಗಳ ಅಂಚು ಸುಟ್ಟು ಕೆಂಪಾಗುತ್ತಿತ್ತು. ಯಾವ ಕಡೆಯಿಂದ ಗಾಳಿ ಬೀಸಿತ್ತು ಎಂದು ಎಲೆ ನೋಡಿಯೇ ಹೇಳಬಹುದಾಗಿತ್ತು. ಹೇಳಿದರೆ ಯಾರಿಗೂ ಸಂತೋಷವಾಗುತ್ತಿರಲಿಲ್ಲ.

ತೋಟ ಆಡಳಿತ ವಿಭಾಗಕ್ಕೆ ಸೇರಿತ್ತು. ಕ್ಯಾಂಟೀನು, ಗಟಾರ, ಗೇಟಿನ ವಾಚ್‌ಮನ್ನರು, ನಾನು, ಎಲ್ಲರೂ ಪಾಟಣಕರ್ ಸಾಹೇಬರ ಕೈಕೆಳಗೆ. ಅವರು ಪ್ರತಿದಿನ ಬೆಳಿಗ್ಗೆ ಕೈ ಹಿಂದೆ ಕಟ್ಟಿಕೊಂಡು ತೋಟದಲ್ಲಿ ಒಂದು ಸುತ್ತು ಹಾಕುತ್ತಿದ್ದರು. ಹೊಗಳಿದ್ದನ್ನು ನಾನು ಕೇಳಿಲ್ಲ. ಹಾಗೆಯೇ, ತಪ್ಪನ್ನು ಕೆಳಗಿನವರ ತಲೆಗೆ ಕಟ್ಟಿದ್ದನ್ನೂ ಕಂಡಿಲ್ಲ. ನನ್ನ ಜೊತೆಗೆ ಕೆಲಸಕ್ಕಿದ್ದವನು ದಗಡು ಮಾಮಾ, ಮುರಬಾಡ ಕಡೆಯ ಮಾಲಿ, ನನಗಿಂತ ಹಿರಿಯ. ನನ್ನ ಗದಗಿನ ಮರಾಠಿಗೆ ಅವನು ನಗುತ್ತಿದ್ದ, ಅವನ ಕನ್ನಡಕ್ಕೆ ನಾನು.

ಪ್ರಯೋಗಶಾಲೆಯ ಹಿಂದೆ ಒಂದು ಗಾಜಿನ ಮನೆ ಇತ್ತು. ತೀರಿಹೋಗಿದ್ದ ಹಿರಿಯ ಮಾಲೀಕರಿಗೆ ಬೆಂಗಾಡಿನ ಗಿಡಗಳ ಹುಚ್ಚಂತೆ. ಮಕ್ಕಳಿಗೆ ಅದು ಇರಲಿಲ್ಲ. ನಾನು ಹೋದಾಗ ಅಲ್ಲಿ ಒಡೆದ ಕುಂಡಗಳು, ಹೆಸರಿನ ಚೀಟಿ ಕಳೆದುಕೊಂಡ ಕಳ್ಳಿಗಳು, ಜೇಡರ ಬಲೆ. ಬೆಂಚಿನ ಕೆಳಗೆ ಒಂದು ಕುಂಡದಲ್ಲಿ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಗಿಡ ಕುಳಿತಿತ್ತು. ಬೂದಿ ಬಣ್ಣದ ದಪ್ಪ ಎಲೆಗಳು ಒಳಮುಖವಾಗಿ ಬಾಗಿ ಉಂಡೆಯಾಗಿದ್ದವು. ಎಲೆಯ ಅಂಚಿಗೂ ಬೆನ್ನಿಗೂ ಸಾಲು ಸಾಲು ಮುಳ್ಳು, ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪು. ಎಲೆಯ ತುದಿಯನ್ನು ಸ್ವಲ್ಪ ಮುರಿದು ನೋಡಿದಾಗ ಲೋಳೆ ಬಂತು. ಲೋಳೆಸರದ ಜಾತಿ ಎಂದು ಅಷ್ಟರಿಂದ ತಿಳಿಯಿತು, ಹೆಚ್ಚಿಗೆ ತಿಳಿಯಲಿಲ್ಲ. ದಗಡು ಮಾಮಾ ಅದಕ್ಕೆ 'ಸಾಳಿಂದರ' ಎಂದು ಹೆಸರಿಟ್ಟ. ಮರಾಠಿಯಲ್ಲಿ ಮುಳ್ಳುಹಂದಿ.

ಆ ಗಿಡಕ್ಕೆ ಬಂದ ಮೊದಲ ಆಪತ್ತು ಕೊಬ್ಬರಿ ಎಣ್ಣೆ. ನಿರ್ದೇಶಕರು ಬರುತ್ತಾರೆ, ಕುಂಡಗಳೆಲ್ಲ ಹೊಳೆಯಬೇಕು ಎಂದು ಪಾಟಣಕರರ ಆಜ್ಞೆಯಾಯಿತು. ನಾನು ರಜೆಯಲ್ಲಿದ್ದೆ. ಕ್ಯಾಂಟೀನಿನವರು ಎಣ್ಣೆ, ಬಟ್ಟೆ ಹಿಡಿದು ರಬ್ಬರ್ ಗಿಡದಿಂದ ಶುರುಮಾಡಿದವರು ಗಾಜಿನ ಮನೆಯವರೆಗೂ ಬಂದುಬಿಟ್ಟರು. ಇಂಥ ಗಿಡಗಳ ಎಲೆಯ ಮೇಲೆ ಇರುವ ಬೂದಿಯಂಥ ಲೇಪ ಕೊಳೆಯಲ್ಲ. ಬಿಸಿಲಿನಿಂದ ಕಾಪಾಡುವ ಮೇಣ ಅದು. ಒರೆಸಿದ ಕಡೆಯೆಲ್ಲ ಸಾಳಿಂದರ ಸುಟ್ಟು ಕಂದು ಕಲೆಯಾಯಿತು. ಆ ಎಲೆಗಳು ಹೊರಕ್ಕೆ ಸರಿದು ಒಣಗುವವರೆಗೆ ಆ ಕಲೆ ಹೋಗಲಿಲ್ಲ. ಪಾಟಣಕರರು ಬಂದು ನೋಡಿ, ಮುಂದಿನ ಸಲ ಹಿರೇಮಠ ಬಾಯಿಯನ್ನು ಕೇಳದೆ ಯಾರೂ ಗಿಡ ಮುಟ್ಟಬಾರದು ಎಂದು ಎಲ್ಲರೆದುರು ಹೇಳಿದರು. ಅಷ್ಟು ಹೊತ್ತಿಗೆ ನಿರ್ದೇಶಕರು ಗಾಜಿನ ಮನೆಯತ್ತ ತಿರುಗಿಯೂ ನೋಡದೆ ಹೋಗಿದ್ದರು.

ಎರಡನೆಯ ಆಪತ್ತು ಹೊಸ ವಿಧಾನದ ರೂಪದಲ್ಲಿ ಬಂತು. ಆಗ ಎಲ್ಲ ನರ್ಸರಿಗಳಲ್ಲೂ ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ತುಂಬುವ ಕಾಲ. ಹಗುರ, ಶುಚಿ, ಸಾಗಿಸಲು ಸುಲಭ. ಗುತ್ತಿಗೆದಾರರು ಗಾಜಿನ ಮನೆಯ ಗಿಡಗಳನ್ನೂ ಅದಕ್ಕೇ ಬದಲಿಸಿದರು. ಆ ಪುಡಿಯನ್ನು ನಾನು ಬೈಯುವುದಿಲ್ಲ. ಆಂಥೂರಿಯಂಗೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಅದು ಒದ್ದೆ ಕಂಬಳಿಯ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಕಳ್ಳಿಗಳು ಒಂದೊಂದಾಗಿ ಬುಡ ಕರಗಿ ವಾಲಿದವು. ಸಾಳಿಂದರವನ್ನು ಮಾತ್ರ ನಾನು ಬದಲಿಸಲು ಬಿಟ್ಟಿರಲಿಲ್ಲ. ತುರ್ಭೆಯ ಖಡಿ ಕ್ರಶರಿನಿಂದ ತಂದ ಸಣ್ಣ ಜಲ್ಲಿ, ಕಲ್ಯಾಣದ ಭಟ್ಟಿಯ ಇಟ್ಟಿಗೆಚೂರು, ಒಂದು ಹಿಡಿ ಮಣ್ಣು, ಅದರ ಊಟ ಅಷ್ಟೇ.

ಆಮೇಲೆ ಎರಡು ಸಾವಿರದ ಐದರಲ್ಲಿ ಮುಂಬಯಿಯನ್ನು ಮುಳುಗಿಸಿದ ಆ ಜುಲೈನ ಮಳೆ. ಅದರ ಬಗ್ಗೆ ಈ ಕಡೆಯವರಿಗೆ ನಾನು ಹೇಳಬೇಕಾದ್ದಿಲ್ಲ. ರೈಲು ನಿಂತಿತು, ಫೋನು ಸತ್ತಿತು. ನೀರಿಳಿದು ಕಾರ್ಖಾನೆಗೆ ಹೋದಾಗ ಗಾಜಿನ ಮನೆಯ ಮಾಡು ಅರ್ಧ ಒಡೆದಿತ್ತು, ಬೆಂಚಿನ ಮಟ್ಟಕ್ಕೆ ಕೆಸರು. ಸಾಳಿಂದರ ನೋಡಲು ಚೆನ್ನಾಗಿಯೇ ಇತ್ತು. ಎತ್ತಿದರೆ ಕುಂಡದಿಂದ ಬೇರಿಲ್ಲದೆ ಮೇಲೆ ಬಂತು. ಬುಡ ಮೆತ್ತಗಾಗಿ ನಾರುತ್ತಿತ್ತು.

ನಾನು ಅಂದು ಅತ್ತಿದ್ದೆ. ದಗಡು ಮಾಮಾ ಕ್ಯಾಂಟೀನಿನ ಚೂರಿಯನ್ನು ಬೆಂಕಿಗೆ ಹಿಡಿದು ತಂದು ಕೊಟ್ಟ. ಕೊಳೆತದ್ದನ್ನು ಸುತ್ತಲೂ ಕೊಯ್ಯುತ್ತ ಹೋದೆ. ಪ್ರತಿ ಸಲ ಕೊಯ್ದಾಗಲೂ ಒಳಗೆ ಕಂದು ಉಂಗುರ ಕಾಣುತ್ತಿತ್ತು. ಇನ್ನೂ ಕೊಯ್ದರೆ ಗಿಡವೇ ಉಳಿಯುವುದಿಲ್ಲ ಎನ್ನಿಸುವ ಹೊತ್ತಿಗೆ ಬಿಳಿ ಹಸಿರು ತಿರುಳು ಕಂಡಿತು. ಗಂಧಕದ ಪುಡಿ ಹಚ್ಚಿದೆ. ಆ ತೇವದ ಗಾಳಿಯಲ್ಲಿ ಒಣಗಿಸುವುದೆಲ್ಲಿ? ಇಡೀ ಕಾರ್ಖಾನೆಯಲ್ಲಿ ಒಣಗಿದ, ಬೆಚ್ಚಗಿನ ಜಾಗ ಒಂದೇ, ಕಂಪ್ರೆಸರ್ ಕೋಣೆ. ಅಲ್ಲಿ ಕಿಟಕಿಯ ಪಕ್ಕ ಒಂದು ಕಪಾಟಿನ ಮೇಲೆ ರದ್ದಿ ಪೇಪರ್ ಹಾಸಿ ಕೂರಿಸಿದೆ. ಮೆಕ್ಯಾನಿಕ್‌ಗಳು ತಕರಾರು ತೆಗೆದರು. ಪಾಟಣಕರರು ಬಂದು, ಬೇರಿಲ್ಲದ ಗಿಡವನ್ನು ಬಹಳ ಹೊತ್ತು ನೋಡಿ, "ಹಿರೇಮಠ ಬಾಯಿ, ಹೇ ಜಗೇಲ್ ಕಾ?" ಎಂದು ಕೇಳಿದರು.

ಬದುಕುತ್ತದೆ ಎಂದೆ. ನನಗೆ ಗೊತ್ತಿರಲಿಲ್ಲ. ಅವರು ಮೆಕ್ಯಾನಿಕ್‌ಗಳ ಕಡೆ ತಿರುಗಿ, ಕಪಾಟು ತೋಟದವರದು ಎಂದು ಹೇಳಿ ಹೋದರು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಾಯದ ಅಂಚಿನಿಂದ ಅಕ್ಕಿಕಾಳಿನ ಹಾಗೆ ಹಳದಿ ಬೇರು ಮೂಡಿದ್ದವು. ದಗಡು ಮಾಮಾ ಇಡೀ ಶಿಫ್ಟಿಗೆ ಪೇಢೆ ಹಂಚಿದ. ಏಕೆಂದು ಕೇಳಿದವರಿಗೆ ಮೊಮ್ಮಗ ಹುಟ್ಟಿದ ಎಂದ. ಆಮೇಲೆ ನಿಜವಾಗಿ ಮೊಮ್ಮಗ ಹುಟ್ಟಿದಾಗ ಯಾರೂ ನಂಬಲಿಲ್ಲ.

ಗಿಡದ ನಿಜವಾದ ಹೆಸರು ತಿಳಿದದ್ದು ಇನ್ನೂ ಎರಡು ವರ್ಷದ ಮೇಲೆ, ಪಕ್ಕದ ಠಾಣೆ ಪಟ್ಟಣದಲ್ಲಿ. ವರ್ತಕ ನಗರದ ಒಂದು ಶಾಲೆಯ ಮೈದಾನದಲ್ಲಿ ಗಿಡಗಳ ಪ್ರದರ್ಶನ. ನಾನು ಸಾಳಿಂದರವನ್ನು ಒಯ್ದು ಮೇಜಿನ ಮೇಲಿಟ್ಟಿದ್ದೆ. ಗುಲಾಬಿಗಳ ಮುಂದೆ ಜನಜಂಗುಳಿ. ನನ್ನ ಮೇಜಿನ ಮುಂದೆ ಒಬ್ಬರೇ ಒಬ್ಬ ಹಿರಿಯರು, ಬಿಳಿ ಪ್ಯಾಂಟು, ಬಿಳಿ ಅಂಗಿ. ಒಂದು ಸುತ್ತು ಹಾಕಿ ಮತ್ತೆ ಬಂದರು, ಮತ್ತೆ ಹೋಗಿ ಮತ್ತೆ ಬಂದರು. ನಾನು ದಗಡು ಮಾಮಾನಿಗೆ ಕನ್ನಡದಲ್ಲಿ ಏನೋ ಅಂದದ್ದು ಕೇಳಿ ಹತ್ತಿರ ಬಂದರು.

"ಇದು ನಿಮ್ಮಲ್ಲಿ ಹೇಗೆ ಬಂತು? ಇದು ಎಂತ ಅಂತ ಗೊತ್ತುಂಟಾ ನಿಮಗೆ?"

"ಲೋಳಸರದ ಜಾತಿರೀ ಸರ. ಹೆಸರು ಗೊತ್ತಿಲ್ರಿ."

"ಆಲೋ ಎರಿನೇಸಿಯಾ. ಆಫ್ರಿಕಾದ ಮರುಭೂಮಿಯದ್ದು. ಇಡೀ ಮುಂಬಯಿಯಲ್ಲಿ ನನ್ನದೊಂದೇ ಅಂತ ಇಷ್ಟು ವರ್ಷ ತಿಳಿದಿದ್ದೆ ನಾನು" ಎಂದರು. ಸಂತೋಷವೋ ನಿರಾಸೆಯೋ ಅವರ ಮುಖದಲ್ಲಿ ತಿಳಿಯಲಿಲ್ಲ.

ಅವರು ಸುವರ್ಣ. ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾಗಿ ವಾಶಿಯಲ್ಲಿ ನೆಲೆಸಿದವರು, ಉಡುಪಿ ಕಡೆಯವರು. ಯಾವುದೋ ಬಂದರಿನ ಗೆಳೆಯರೊಬ್ಬರು ಕೊಟ್ಟ ಬೀಜದಿಂದ ಒಂದೇ ಒಂದು ಸಸಿ ಉಳಿಸಿಕೊಂಡು ಬೆಳೆಸಿದ್ದರು. ಗಿಡ ನೋಡಬಹುದೇ ಎಂದು ಕೇಳಿದ್ದಕ್ಕೆ ಆಗುವುದಿಲ್ಲ ಎಂದರು. ಹಿಂದೆ ಯಾರೋ ನರ್ಸರಿಯವನು ಅವರ ಬೇರೊಂದು ಗಿಡವನ್ನು ನೋಡುತ್ತೇನೆಂದು ಒಯ್ದು ಕೊಂದು ವಾಪಸು ತಂದಿದ್ದನಂತೆ. ನಾನು ಅವರಿಗೆ ಜುಲೈ ಮಳೆಯ ಕಥೆ, ಚೂರಿಯ ಕಥೆ, ಕಂಪ್ರೆಸರ್ ಕೋಣೆಯ ಕಥೆ ಹೇಳಿದೆ. ಅವರು ಗಿಡವನ್ನು ಮೆಲ್ಲಗೆ ವಾಲಿಸಿ ಬುಡದ ಹಳೆಯ ಗಾಯವನ್ನು ನೋಡಿದರು. ಮುಂದಿನ ಭಾನುವಾರ ಊಟಕ್ಕೇ ಬನ್ನಿ ಎಂದರು.

ಹೀಗೆ ಶುರುವಾಯಿತು. ಅವರ ಹೆಂಡತಿ ವನಜಕ್ಕ ನೀರುದೋಸೆ ಹಾಕುತ್ತಿದ್ದರು, ನಾನು ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದೆ. ಗಿಡದ ಸ್ವಭಾವವನ್ನು ನನಗೆ ಕಲಿಸಿದವರು ಸುವರ್ಣರು. ಇದು ಚಳಿಗಾಲದಲ್ಲಿ ಬೆಳೆಯುವ ಗಿಡ, ನಮ್ಮ ಮಳೆಗಾಲದಲ್ಲಿ ಮಲಗಿರುತ್ತದೆ. ಮಲಗಿದ್ದಾಗ ಕುಡಿಸಿದರೆ ಸಾಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನ ಕೆಳಗೆ ಗಾಳಿಯಲ್ಲಿಡಬೇಕು, ನೀರು ಮುಟ್ಟಿಸಬಾರದು. ನವೆಂಬರ್‌ನಲ್ಲಿ ಬೆಳಗಿನ ಹೊತ್ತು ಕುಂಡದ ಅಂಚಿನಲ್ಲಿ ನೀರು, ನಡುವಿನ ಸುಳಿಗೆ ಎಂದೂ ಅಲ್ಲ. ನನ್ನಿಂದ ಸಸಿ ಒಯ್ದವರಿಗೆಲ್ಲ ಇದನ್ನೇ ಹೇಳುತ್ತ ಬಂದಿದ್ದೇನೆ. ಪ್ರೀತಿ ಹೆಚ್ಚಾದವರ ಮನೆಯಲ್ಲೇ ಈ ಗಿಡ ಬೇಗ ಸಾಯುವುದು.

ಆದರೆ ಸುವರ್ಣರಿಗೆ ಒಂದು ಚಿಂತೆ ಇತ್ತು. ಈ ಜಾತಿ ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ, ಬೇರೆ ಗಿಡದ್ದೇ ಬೇಕು. ನಮ್ಮ ಎರಡಕ್ಕೂ ಬುಡದಲ್ಲಿ ಮರಿಗಿಡ ಒಡೆದಿರಲಿಲ್ಲ. ಎರಡೂ ಮುದಿಯಾಗುತ್ತಿದ್ದವು. ಸಮುದ್ರದ ಗಾಳಿಗೆ ಅವರ ಗಿಡದ ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ ಕಾಣಿಸಿಕೊಂಡು, ಯಾವ ಔಷಧಕ್ಕೂ ನಿಲ್ಲದೆ ಮೇಲೇರುತ್ತಿತ್ತು. "ಇದು ಹೋದರೆ ನಿಮ್ಮದೂ ಒಂಟಿಯೇ ಅಲ್ವಾ" ಎಂದು ಒಮ್ಮೆ ಹೇಳಿದರು.

ಮುಂದೊಂದು ಜನವರಿಯಲ್ಲಿ ಅವರ ಗಿಡ ಮೊದಲ ಸಲ ಹೂದಂಟು ಎತ್ತಿತು. ಕೆಲವೇ ದಿನದಲ್ಲಿ ಸಾಳಿಂದರದ ಸುಳಿಯಲ್ಲೂ ಕೆಂಪು ಮೊಗ್ಗಿನ ತುದಿ ಕಂಡಿತು. ನಾನು ಆಫೀಸಿನ ಫೋನಿನಿಂದಲೇ ವಾಶಿಗೆ ಹೇಳಿದೆ.

ಮೊದಲ ಎರಡು ಪ್ರಯತ್ನ ವ್ಯರ್ಥವಾದವು. ಫೋಟೋ ರೀಲಿನ ಡಬ್ಬಿಯಲ್ಲಿ ಪರಾಗ ತುಂಬಿಕೊಂಡು ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಹೊರಟೆ. ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿ ಮುಟ್ಟುವಷ್ಟರಲ್ಲಿ ಆ ನೂಕುನುಗ್ಗಲಿನ ಸೆಕೆಗೆ ಪರಾಗ ಬೆವೆತು ಅಂಟಿನ ಹಾಗೆ ಮುದ್ದೆಯಾಗಿತ್ತು. ಇನ್ನೊಮ್ಮೆ ಡ್ಯೂಟಿ ಮುಗಿಸಿ ಹೋದೆ, ಆ ದಿನ ಅವರ ಹೂವು ಪರಾಗ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಹೂದಂಟಿನ ಹೂಗಳು ಕೆಳಗಿನಿಂದ ಮೇಲಕ್ಕೆ ಅರಳುತ್ತವೆ. ಹೊಸದಾಗಿ ಅರಳಿದ ಹೂವು ಪರಾಗ ಕೊಡುತ್ತದೆ. ಒಂದೆರಡು ದಿನ ಕಳೆದ ಹೂವಿನಿಂದ ಸಣ್ಣ ಎಳೆಯೊಂದು ಹೊರಚಾಚುತ್ತದೆ, ಪರಾಗ ಹಿಡಿಯುವುದು ಅದು. ಎರಡೂ ಗಿಡ ಪಕ್ಕಪಕ್ಕ ಇದ್ದರೆ ಎಷ್ಟು ಸುಲಭ! ಇದರ ಮೇಲಿನ ಹೂವಿನಿಂದ ಅದರ ಕೆಳಗಿನ ಹೂವಿಗೆ, ಅದರಿಂದ ಇದಕ್ಕೆ.

ಸುವರ್ಣರು ತಮ್ಮ ಗಿಡ ಡೊಂಬಿವಲಿಗೆ ಬರುವುದಿಲ್ಲ, ಆ ಗ್ಯಾಸಿನ ಗಾಳಿಗೆ ತರುವುದಿಲ್ಲ ಎಂದರು. ನಮ್ಮ ಗಿಡ ಕಂಪನಿಯ ಆಸ್ತಿ, ಖಾಸಗಿ ಮನೆಗೆ ಕಳಿಸುವಂತಿಲ್ಲ ಎಂದು ಪಾಟಣಕರರು ಹೇಳಿದರು. ಕೊನೆಗೆ ಇಬ್ಬರೂ ಒಪ್ಪಿದ್ದು ಠಾಣೆಗೆ. ವರ್ತಕ ನಗರದಲ್ಲಿ ಆ ಪ್ರದರ್ಶನ ನಡೆಸುವವರ ಕಚೇರಿಯಲ್ಲಿ ಕೂಡುವುದೆಂದಾಯಿತು. ಇನ್ನುಳಿದದ್ದು ಗೇಟ್ ಪಾಸ್. ಪ್ರದರ್ಶನಕ್ಕೆ ಒಯ್ದಾಗ ಆಹ್ವಾನ ಪತ್ರವೇ ಸಾಕಾಗಿತ್ತು, ಹೀಗೆ ಹೂಬಿಟ್ಟ ಗಿಡ ಕಾರ್ಖಾನೆಯಿಂದ ಹೊರಗೆ ಹೋಗಿ ವಾಪಸು ಬರಲು ಯಾವ ನಿಯಮವೂ ಇರಲಿಲ್ಲ. ಸುಟ್ಟ ಮೋಟರುಗಳನ್ನು ರಿಪೇರಿಗೆ ಕಳಿಸುವ ಪಾಸ್ ಮಾತ್ರ ಇತ್ತು. ಪಾಟಣಕರರು ಅದನ್ನೇ ತೆಗೆದು, ಮುಖದಲ್ಲಿ ಒಂದು ಗೆರೆಯೂ ಅಲುಗದೆ ಸಹಿ ಹಾಕಿಕೊಟ್ಟರು.

ಭಾನುವಾರ ಬೆಳಿಗ್ಗೆ ರೈಲಿನಲ್ಲಿ ದಗಡು ಮಾಮಾ ಕುಂಡವನ್ನು ಎದೆಗವಚಿಕೊಂಡು ಕೂತ, ನಾನು ಹೂದಂಟಿಗೆ ಕೈ ಅಡ್ಡ ಹಿಡಿದೆ. ಠಾಣೆಯಲ್ಲಿ ವಾಶಿ ಗಾಡಿ ಬರುವ ಪ್ಲಾಟ್‌ಫಾರ್ಮಿಗೆ ಹೋದಾಗ ಸುವರ್ಣರು ಆಗಲೇ ಬೆಂಚಿನ ಮೇಲೆ ಕೂತಿದ್ದರು, ಬಿಳಿ ಅಂಗಿ, ತೊಡೆಯ ಮೇಲೆ ಗಿಡ. ಹೊರಗೆ ಆ ದಿನ ರಿಕ್ಷಾ ಬಂದ್. ನಡೆದು ಹೋಗಲು ದೂರ, ಬಸ್ಸಿನಲ್ಲಿ ಹೂದಂಟು ಮುರಿಯುವುದು ಖಂಡಿತ. ಸುವರ್ಣರು ತಮ್ಮ ಹೂವನ್ನೂ ನಮ್ಮ ಹೂವನ್ನೂ ಕನ್ನಡಕ ಮೇಲೆತ್ತಿ ನೋಡಿದರು.

"ಪರಾಗ ಈಗ ಬಿರಿದು ನಿಂತಿದೆ. ಮಧ್ಯಾಹ್ನಕ್ಕೆ ಉಳಿಯುವುದಿಲ್ಲ" ಎಂದರು.

"ಹಂಗಾರ ಇಲ್ಲೇ ಮಾಡೋಣ್ರಿ ಸರ."

"ಇಲ್ಲಿಯಾ?"

"ಮತ್ತೆಲ್ಲಿ ಒಯ್ಯೋಣ್ರಿ?"

ಅವರು ಎದ್ದು ಬೆಂಚಿನ ಮೇಲೆ ಕರವಸ್ತ್ರ ಹಾಸಿ ತಮ್ಮ ಗಿಡ ಇಟ್ಟರು. ಪಕ್ಕದಲ್ಲಿ ಸಾಳಿಂದರ. ಎರಡು ಕೆಂಪು ಹೂದಂಟುಗಳು ಒಂದೇ ಎತ್ತರ. ಒಂದು ಗಾಡಿ ಬಂದರೆ ಗಾಳಿಗೆ ಪರಾಗ ಹಾರಿಹೋಗುತ್ತಿತ್ತು, ಅದಕ್ಕೆ ದಗಡು ಮಾಮಾ ಕೊಡೆ ಬಿಚ್ಚಿ ಅಡ್ಡ ಹಿಡಿದ. ಕೊಡೆ ಕಂಡ ಮೇಲೆ ಜನ ಸೇರದೆ ಇರುತ್ತಾರೆಯೇ? ಸೊಪ್ಪಿನ ಗಂಟು ಹೊತ್ತವರು, ಪಿಕ್‌ನಿಕ್ಕಿಗೆ ಹೊರಟವರು, ಎಲ್ಲರೂ ಸುತ್ತುಗಟ್ಟಿದರು. ಅದರಿಂದ ಒಳ್ಳೆಯದೇ ಆಯಿತು, ಗಾಳಿ ನಿಂತಿತು. ಅಷ್ಟರಲ್ಲಿ ರೈಲ್ವೆ ಪೊಲೀಸನೊಬ್ಬ ಜನರನ್ನು ಸರಿಸಿಕೊಂಡು ಬಂದು, ಇಲ್ಲಿ ಏನು ನಡೆದಿದೆ ಎಂದು ಗದರಿದ.

ದಗಡು ಮಾಮಾ ಕೊಡೆ ಅಲುಗಿಸದೆ ಹೇಳಿದ: "ಲಗ್ನ ಆಹೇ, ಸಾಹೇಬ್."

ಪೊಲೀಸ ಬಗ್ಗಿ ನೋಡಿದ. ಸುವರ್ಣರು ಅವನಿಗೆ ಹಿಂದಿಯಲ್ಲಿ ಶಾಂತವಾಗಿ ವಿವರಿಸಿದರು, ಈ ಗಿಡ ಎಷ್ಟು ವರ್ಷಕ್ಕೆ ಹೂಬಿಡುತ್ತದೆ, ಇವೆರಡನ್ನು ಬಿಟ್ಟರೆ ನಮಗೆ ಗೊತ್ತಿದ್ದಂತೆ ಈ ಕಡೆ ಇನ್ನೊಂದಿಲ್ಲ ಎಂದು. ಅವನು ಟೋಪಿ ಸರಿಮಾಡಿಕೊಂಡು ಜನರ ಕಡೆ ತಿರುಗಿ ನಿಂತು, ಬೆಂಚಿನ ಹತ್ತಿರ ಯಾರೂ ಬರದಂತೆ ಕಾದ. ನಾನು ಸಣ್ಣ ಕುಂಚದಿಂದ ನಮ್ಮ ಮೇಲಿನ ಹೂವಿನ ಪರಾಗ ತೆಗೆದು ಅವರ ಕೆಳಗಿನ ಹೂವುಗಳಿಗೆ ಮುಟ್ಟಿಸಿದೆ. ಅವರು ತಮ್ಮದರಿಂದ ನಮ್ಮದಕ್ಕೆ. ಹಡಗಿನ ಎಂಜಿನ್ ಬಿಚ್ಚಿ ಜೋಡಿಸಿದ ಅವರ ದಪ್ಪ ಬೆರಳುಗಳು ನನ್ನವಕ್ಕಿಂತ ನಿಧಾನ, ನನ್ನವಕ್ಕಿಂತ ಸ್ಥಿರ. ಮುಗಿದಾಗ ಯಾರೋ ಚಪ್ಪಾಳೆ ತಟ್ಟಿದರು.

ಸಂಜೆ ಗೇಟಿನಲ್ಲಿ ವಾಚ್‌ಮನ್ ಪಾಸ್ ವಾಪಸು ತೆಗೆದುಕೊಂಡು, ರಿಪೇರಿ ಆಯಿತೇ ಎಂದು ಕೇಳಿದ. ಆಯಿತು ಎಂದೆ.

ಮಾರ್ಚ್ ಹೊತ್ತಿಗೆ ಎರಡೂ ದಂಟುಗಳಲ್ಲಿ ಕಾಯಿ ಉಬ್ಬಿದವು. ಒಣಗಿ ಮೂರು ಹೋಳಾಗಿ ಬಿರಿದಾಗ ಒಳಗೆ ಕಪ್ಪು ಚಪ್ಪಟೆ ಬೀಜ, ಸುತ್ತಲೂ ಹಾಳೆಯಂಥ ರೆಕ್ಕೆ. ಸುವರ್ಣರಿಗೆ ತಕ್ಷಣ ಬಿತ್ತುವ ಆತುರ. ನಾನು ಬಿಡಲಿಲ್ಲ. ಮೊಳಕೆ ಮಳೆಗಾಲಕ್ಕೆ ಸಿಕ್ಕರೆ ಮುಗಿಯಿತು, ಚಳಿ ಬರಲಿ ಎಂದು ಕಾಯಿಸಿದೆ. ಆ ಮಳೆಗಾಲದಲ್ಲೇ ಅವರ ಹಳೆಯ ಗಿಡ ಹೋಯಿತು. ಕಪ್ಪು ಚುಕ್ಕೆ ಸುಳಿಗೇ ಏರಿ, ಚೂರಿಗೆ ಉಳಿಸಲು ಏನೂ ಇರಲಿಲ್ಲ. ನಾನು ವಾಶಿಗೆ ಹೋದಾಗ ಖಾಲಿ ಕುಂಡವನ್ನು ತೊಳೆದು ಬಿಸಿಲಿಗೆ ಒಣಗಲು ಇಟ್ಟಿದ್ದರು. ಬೀಜದ ಪೊಟ್ಟಣ ದೇವರ ಮುಂದೆ ಇದೆ ಎಂದು ವನಜಕ್ಕ ಮೆಲ್ಲಗೆ ಹೇಳಿದರು.

ನವೆಂಬರ್‌ನಲ್ಲಿ ಬಿತ್ತಿದೆವು, ಅರ್ಧ ವಾಶಿಯಲ್ಲಿ, ಅರ್ಧ ಗಾಜಿನ ಮನೆಯಲ್ಲಿ. ನಾರಿನ ಪುಡಿಯನ್ನು ಬೈಯುವುದಿಲ್ಲ ಎಂದೆನಲ್ಲ, ಬಿತ್ತುವ ಮಡಿಯಲ್ಲಿ ಜಲ್ಲಿಯ ಜೊತೆ ಸ್ವಲ್ಪ ಅದನ್ನೂ ಸೇರಿಸಿದೆ. ಹುಲ್ಲಿನ ಎಸಳಿನ ಹಾಗೆ ಮೊಳಕೆ ಎದ್ದವು. ಒಂದು ವಾರ ಮೋಡ ಕವಿದಾಗ ನಮ್ಮ ಕಡೆ ಒಂದು ಮೂಲೆಯ ಸಸಿಗಳೆಲ್ಲ ಕುತ್ತಿಗೆ ಮುರಿದು ಬಿದ್ದವು, ಬೂಷ್ಟು. ದಗಡು ಮಾಮಾ ಕ್ಯಾಂಟೀನಿನಿಂದ ದಾಲ್ಚಿನ್ನಿ ಪುಡಿ ತಂದು ಉದುರಿಸಿದ, ಅವನ ಮನೆಮದ್ದು. ನಾನು ಫ್ಯಾನ್ ಹಚ್ಚಿದೆ. ಯಾವುದರಿಂದಲೋ ಉಳಿದವು ಉಳಿದವು. ಪಾಟಣಕರರು ಒಂದು ಬೆಳಿಗ್ಗೆ ಬಂದು ಬೆನ್ನು ಬಾಗಿಸಿ ಮಡಿಯನ್ನು ನೋಡಿದರು. ಮರುವಾರ ಹೇಳದೆ ಕೇಳದೆ ಗಾಜಿನ ಮನೆಗೆ ಹೊಸ ಮಾಡು ಹಾಕುವವರು ಬಂದರು.

ಇನ್ನು ನಿಜವಾದ ಪರೀಕ್ಷೆ ಮಳೆಗಾಲ. ಎಳೆಯ ಸಸಿಗೆ ಪೂರ್ತಿ ನೀರು ನಿಲ್ಲಿಸುವಂತಿಲ್ಲ, ಕೊಟ್ಟರೂ ಕಷ್ಟ. ಮುಳ್ಳು ಬಲಿತ ಸಸಿ ಉಳಿಯಿತೆಂದೇ ಲೆಕ್ಕ ಎಂದು ಸುವರ್ಣರು ಹೇಳುತ್ತಿದ್ದರು. ಒಂದು ಮಳೆಗಾಲ ದಾಟಿದವು, ಕೆಲವು ಹೋದವು. ಎರಡನೆಯದನ್ನೂ ದಾಟಿದವು. ಆ ವರ್ಷ ಗಣಪತಿ ಕಳಿಸಿ, ಬಿಸಿಲು ಬಿದ್ದ ಮೊದಲ ಭಾನುವಾರ ವಾಶಿಗೆ ಹೋದೆ. ನಮ್ಮ ಕಡೆಯ ಸಸಿಗಳು ಚೆನ್ನಾಗಿವೆ ಎಂದು ಹೇಳಲು ಹೋಗಿದ್ದೆ. ಸುವರ್ಣರ ಕಾಲು ಆಗ ಸರಿ ಇರಲಿಲ್ಲ, ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಸಸಿಗಳ ತಟ್ಟೆಯ ಮೇಲಿನ ಪ್ಲಾಸ್ಟಿಕ್ ನಾನು ಸರಿಸಿದೆ. ಸಸಿಗಳು ಸಾಲಾಗಿ, ಗಟ್ಟಿಯಾಗಿ, ಬೂದಿ ಬಣ್ಣಕ್ಕೆ ತಿರುಗಿ ಕುಳಿತಿದ್ದವು. ಹೋದ ವರ್ಷ ಇದ್ದ ಮೆತ್ತನೆಯ ಬಿಳಿ ರೋಮದ ಜಾಗದಲ್ಲಿ ಏನೋ ಕಪ್ಪಾಗಿ ಕಾಣುತ್ತಿತ್ತು. ಅವರಿಗೆ ದೃಷ್ಟಿ ಅಷ್ಟು ಸ್ಪಷ್ಟವಿರಲಿಲ್ಲ. ಬೆರಳು ಚಾಚಿ ಒಂದು ಸಸಿಯನ್ನು ಮುಟ್ಟಿದರು. ಕೈ ಫಕ್ಕನೆ ಹಿಂದಕ್ಕೆ ಬಂತು. ಬೆರಳ ತುದಿಯಲ್ಲಿ ರಕ್ತದ ಒಂದು ಸಣ್ಣ ಮಣಿ.

ಅವರು ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು, ಒರೆಸಿಕೊಳ್ಳಲಿಲ್ಲ. ಒಳಗೆ ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆದರು.

"ವನಜಾ, ಬೇಗ ಬಾ ಮಾರಾಯ್ತಿ. ಮುಳ್ಳು ಬಂದಿದೆ."